ಐದನೇ ವಾಲ್ವ್ ಪೂರ್ತಿ ತೆರೆಯುತ್ತಿರಲಿಲ್ಲ: ಒಂದು ಟ್ಯಾಪೆಟ್ ಸದ್ದಿನ ಪ್ರಕರಣ

ಈ ಬರಹದಲ್ಲಿ ಬರುವ ಕಾರಿನ ಯಜಮಾನರು, ಗ್ಯಾರೇಜಿನ ಮೇಸ್ತ್ರಿ, ಅವರ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ, ಮೂವರೂ ಇದನ್ನು ಬರೆಯಲು ಒಪ್ಪಿದ್ದಾರೆ. ಹೆಸರು, ಊರು, ಗಾಡಿ ನಂಬರು ಬಿಟ್ಟಿದ್ದೇನೆ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ ಅಂದರೆ ಸಾಕು. ನಾನು ಮೋಟಾರ್ ಮೆಕ್ಯಾನಿಕ್ ಕೆಲಸ ಕಲಿಸುವವನು. ಮೇಸ್ತ್ರಿ ನನಗೆ ಬಹಳ ವರ್ಷಗಳ ಪರಿಚಯ, ಕೈ ಶುದ್ಧವಾದ ಕೆಲಸಗಾರ. ಅಂಥವರ ಕೈಯಲ್ಲೂ ಒಂದು ಎಂಜಿನ್ ಹೇಗೆ ಎರಡು ಸಲ ಇಳಿಯಿತು ಅನ್ನುವುದನ್ನು ದಾಖಲಿಸಬೇಕು ಅನ್ನಿಸಿತು. ದಾರಿ ತಪ್ಪಿಸಿದವರಲ್ಲಿ ನಾನೂ ಇದ್ದೇನೆ, ಅದನ್ನೂ ಬರೆದಿದ್ದೇನೆ.

ಹಿನ್ನೆಲೆ

ಕಾರು 1970ರ ದಶಕದ ಅಂಬಾಸಡರ್. ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ 1957ರಲ್ಲಿ ಅಂಬಾಸಡರ್ ಶುರುವಾದಾಗ ಅದರಲ್ಲಿದ್ದದ್ದು ಸೈಡ್ ವಾಲ್ವ್ ಎಂಜಿನ್. ಸ್ವಲ್ಪ ಕಾಲದಲ್ಲೇ ಬ್ರಿಟನ್ನಿನ ಬಿ.ಎಂ.ಸಿ. ಬಿ-ಸೀರೀಸ್ ಎಂಜಿನ್ ಬಂತು. 1489 ಸಿ.ಸಿ., ಪೆಟ್ರೋಲ್, ವಾಲ್ವ್‌ಗಳು ಹೆಡ್‌ನಲ್ಲಿ. ಈ ಕಾರಿನಲ್ಲಿರುವುದು ಅದೇ. 2014ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತುಹೋಯಿತು. ಹಾಗಾಗಿ ಈಗ ಸ್ಪೇರ್ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿಯಬೇಕು, ಇಲ್ಲವೇ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು.

ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಎಂಬ ದಂಡ ಇರುವುದು ಕೆಳಗೆ, ಬ್ಲಾಕಿನ ಒಳಗೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಬಂದರೆ ಅದು ಒಂದು ಸುತ್ತು ಬರುತ್ತದೆ. ಅದರ ಮೇಲೆ ಮೊಟ್ಟೆಯಾಕಾರದ ಎಂಟು ಲೋಬ್, ಒಂದೊಂದು ಲೋಬ್ ಮೇಲೆ ಸಣ್ಣ ಲೋಟದಂಥ ಒಂದೊಂದು ಟ್ಯಾಪೆಟ್, ಟ್ಯಾಪೆಟ್ ಒಳಗೆ ಪುಶ್ ರಾಡ್ ಎಂಬ ಉದ್ದ ಕಡ್ಡಿ, ಪುಶ್ ರಾಡಿನ ತಲೆಗೆ ಏತದಂತೆ ಆಡುವ ರಾಕರ್ ಆರ್ಮ್, ರಾಕರಿನ ಇನ್ನೊಂದು ತುದಿಯ ಕೆಳಗೆ ವಾಲ್ವ್. ಕ್ಯಾಮ್ ಎತ್ತಿದ್ದನ್ನು ರಾಕರ್ ಸುಮಾರು 1.4 ಪಟ್ಟು ಹೆಚ್ಚಿಸಿ ವಾಲ್ವ್‌ಗೆ ಕೊಡುತ್ತದೆ. ಲೋಬ್ ಇಳಿದಾಗ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್. ಮುಂದಿನಿಂದ ಎಣಿಸಿದರೆ 1, 4, 5, 8 ಎಗ್ಸಾಸ್ಟ್, ಅಂದರೆ ಉರಿದ ಗ್ಯಾಸ್ ಹೊರಬಿಡುವ ವಾಲ್ವ್. 2, 3, 6, 7 ಇನ್ಲೆಟ್, ಅಂದರೆ ಗಾಳಿ-ಪೆಟ್ರೋಲ್ ಒಳಬಿಡುವಂಥವು. ಐದನೆಯದು ಮೂರನೇ ಸಿಲಿಂಡರಿನ ಎಗ್ಸಾಸ್ಟ್. ಈ ಕಥೆಯೆಲ್ಲ ಅದರ ಸುತ್ತ.

ಯಜಮಾನರು ನಿವೃತ್ತ ಸರ್ಕಾರಿ ನೌಕರರು. ಕಾರು ಅವರ ತಂದೆಯ ಕಾಲದ್ದು. ಹೊಗೆ ಜಾಸ್ತಿಯಾಗಿ, ಆಯಿಲ್ ಕುಡಿಯತೊಡಗಿದಾಗ ಎಂಜಿನ್ ಇಳಿಸಿದರು. ಬೋರ್ ಆಯಿತು, ಕ್ರ್ಯಾಂಕ್ ಗ್ರೈಂಡಿಂಗ್ ಆಯಿತು. 2000ದಿಂದ ದೇಶದಲ್ಲಿ ವಾಲ್ವ್ ಕೂರುವ ಸೀಟುಗಳನ್ನು ಸವೆಯದಂತೆ ಕಾಯುತ್ತಿದ್ದ ಸೀಸ ಪೆಟ್ರೋಲಿನಲ್ಲಿ ಇಲ್ಲದಿರುವುದರಿಂದ ಹೆಡ್‌ಗೆ ಗಟ್ಟಿ ಎಗ್ಸಾಸ್ಟ್ ಸೀಟುಗಳನ್ನು ಕೂರಿಸಿದರು. ಹಳೆಯ ಕ್ಯಾಮ್ ಶಾಫ್ಟಿನ ಒಂದೆರಡು ಲೋಬ್‌ಗಳಲ್ಲಿ ಸಣ್ಣ ಗುಳಿಗಳು ಕಂಡದ್ದರಿಂದ ಹೊಸ ಕ್ಯಾಮ್ ಶಾಫ್ಟ್ ತರಿಸಿದರು. ಇಲ್ಲಿಯವರೆಗೆ ಎಲ್ಲವೂ ಸರಿ.

ಟ್ಯಾಪೆಟ್ ಮಾತ್ರ ಅಂಗಡಿಯಲ್ಲಿ ಇರಲಿಲ್ಲ. ಎರಡು ವಾರ ಆಗುತ್ತದೆ ಅಂದರು. ಯಜಮಾನರ ಮೊಮ್ಮಗಳ ಮದುವೆ ಒಂಬತ್ತು ದಿನದಲ್ಲಿತ್ತು, ಹುಡುಗಿಯನ್ನು ಛತ್ರಕ್ಕೆ ಆ ಕಾರಿನಲ್ಲೇ ಕರೆದೊಯ್ಯಬೇಕು ಅನ್ನುವುದು ಮನೆಯವರೆಲ್ಲರ ಆಸೆ. ಹಳೆಯ ಎಂಟು ಟ್ಯಾಪೆಟ್‌ಗಳನ್ನು ಒಂದೇ ಟ್ರೇಯಲ್ಲಿ ಹಾಕಿ ತೊಳೆದಿದ್ದರು. ತಳಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. “ಇವು ಇನ್ನೂ ಒಂದು ಲಕ್ಷ ಓಡ್ತವೆ ಯಜಮಾನ್ರೇ” ಅಂದರು ಮೇಸ್ತ್ರಿ. ಹೊಸ ಕ್ಯಾಮ್ ಮೇಲೆ ಹಳೆಯ ಟ್ಯಾಪೆಟ್ ಕೂತವು. ಮೊದಲ ತಿರುವು ಇದು.

ಎರಡನೆಯದು ಆಯಿಲ್. ಹೊರ ಊರಿನಲ್ಲಿರುವ ಮಗ, ಅಪ್ಪನ ಕಾರಿಗೆ ಅತ್ಯುತ್ತಮವಾದದ್ದೇ ಇರಲಿ ಎಂದು 5ಡಬ್ಲ್ಯು-30 ಫುಲ್ಲಿ ಸಿಂಥೆಟಿಕ್ ತಂದುಕೊಟ್ಟಿದ್ದರು. ಡಬ್ಬದ ಮೇಲೆ, ಆಯಿಲಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆಯ ಹೊಸ ದರ್ಜೆ, ಎ.ಪಿ.ಐ. ಎಸ್‌ಪಿ ಎಂದಿತ್ತು, ಬೆಲೆಯೂ ಜೋರು. ಬೇಡ ಅನ್ನಲು ಯಾರಿಗೂ ಕಾರಣ ಕಾಣಲಿಲ್ಲ.

ಮೂರನೆಯದು ಮೊದಲ ಸ್ಟಾರ್ಟ್. ಎಂಜಿನ್ ಬಿಗಿಯಾಗಿತ್ತು, ಕಾರ್ಬುರೇಟರ್ ಸೆಟ್ ಆಗಬೇಕಿತ್ತು, ವಾಟರ್ ಪಂಪ್ ಹತ್ತಿರ ಸಣ್ಣ ಸೋರಿಕೆ ಇತ್ತು. ಹೊಸ ಎಂಜಿನ್ನು, ರೇಸ್ ಮಾಡಬಾರದು ಎಂದು ಮೆಲ್ಲಗೆ ಐಡ್ಲಿಂಗಿನಲ್ಲೇ ಮುಕ್ಕಾಲು ಗಂಟೆ ಓಡಿಸಿದರು. ಈ ನಂಬಿಕೆ ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿದೆ. ಪಿಸ್ಟನ್ ರಿಂಗ್ ವಿಚಾರದಲ್ಲಿ ಅದು ಎಷ್ಟು ಸರಿಯೋ, ಈ ಬಗೆಯ ಕ್ಯಾಮ್ ವಿಚಾರದಲ್ಲಂತೂ ಪೂರ್ತಿ ತಲೆಕೆಳಗು.

ಸದ್ದು

ಮದುವೆ ಚೆನ್ನಾಗಿ ನಡೆಯಿತು, ಕಾರೂ ಓಡಿತು. 300 ಕಿ.ಮೀ. ಹೊತ್ತಿಗೆ ಟಕ್ ಟಕ್ ಎನ್ನುವ ಸದ್ದು ಶುರುವಾಯಿತು. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಒಂದು ಸಲ ಟ್ಯಾಪೆಟ್ ಸೆಟ್ ಮಾಡುವುದು ಮಾಮೂಲು. ಹೆಡ್ ಗ್ಯಾಸ್ಕೆಟ್ ಕೂರುತ್ತದೆ, ನಟ್ಟು ಮತ್ತೆ ಬಿಗಿ ಮಾಡಬೇಕಾಗುತ್ತದೆ, ರಾಕರಿಗೂ ವಾಲ್ವಿನ ತುದಿಗೂ ನಡುವೆ ಬಿಡುವ ಗ್ಯಾಪ್ ಬದಲಾಗುತ್ತದೆ. ಮೇಸ್ತ್ರಿ ಎಂಟನ್ನೂ ಹದಿನೈದು ಥೌಗೆ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.38 ಮಿ.ಮೀ.ಗೆ ಇಟ್ಟರು. ಐದನೆಯದು ಮಾತ್ರ ತುಸು ಹೆಚ್ಚು ಸಡಿಲವಾಗಿತ್ತು. ಸದ್ದು ಹೋಯಿತು.

550 ಕಿ.ಮೀ.ಗೆ ಸದ್ದು ಮತ್ತೆ ಬಂತು. ಮತ್ತೆ ಐದು. ಮತ್ತೆ ಸೆಟ್ ಮಾಡಿದರು.

ಈ ಎರಡನೇ ಸಲದ ಒಂದು ಗಳಿಗೆಯ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಈ ಎಂಜಿನ್ನಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಒಂದು ಸುಲಭ ಲೆಕ್ಕವಿದೆ, ಒಂಬತ್ತರ ಲೆಕ್ಕ. ಒಂದನೇ ವಾಲ್ವ್ ಸೆಟ್ ಮಾಡಬೇಕಾದರೆ ಎಂಟನೆಯದು ಪೂರ್ತಿ ತೆರೆದಿರಬೇಕು, ಎರಡಕ್ಕೆ ಏಳು, ಮೂರಕ್ಕೆ ಆರು, ನಾಲ್ಕಕ್ಕೆ ಐದು. ಎರಡೂ ಸೇರಿ ಒಂಬತ್ತು. ಜೋಡಿಯಲ್ಲಿ ಒಂದು ವಾಲ್ವ್ ತೆರೆದು ಪೂರ್ತಿ ಕೆಳಗಿದ್ದಾಗ ಇನ್ನೊಂದರ ಲೋಬ್ ಬೆನ್ನು ತಿರುಗಿಸಿ ಮಲಗಿರುತ್ತದೆ, ಆಗ ಗ್ಯಾಪ್ ಅಳೆಯಬಹುದು. ಹುಡುಗ ಎಂಜಿನ್ ತಿರುಗಿಸುತ್ತಾ ತೆರೆದ ವಾಲ್ವನ್ನು ನೋಡಿ ಹೇಳುವವನು, ಮೇಸ್ತ್ರಿ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಹಿಡಿದವರು. ನಾಲ್ಕನೆಯದರ ಸರದಿ ಬಂದಾಗ ಹುಡುಗ ಐದನೆಯದನ್ನು ನೋಡಬೇಕು. ನೋಡಿದ. ಆಮೇಲೆ, “ಅಣ್ಣಾ, ಐದು ಪೂರ್ತಿ ಕೆಳಗೆ ಹೋಗ್ತಾ ಇಲ್ಲ” ಅಂದ.

“ಹೋಗಿದೆ ಬಿಡೋ, ನೀನು ತಿರುಗಿಸೋದು ಜಾಸ್ತಿಯಾಯ್ತು.”

ಅಷ್ಟೇ. ಮಾತು ಅಲ್ಲಿಗೆ ಮುಗಿಯಿತು. ಅವನು ಕಂಡದ್ದು ನಿಜವಾಗಿತ್ತು. ರೋಗ ಕಣ್ಣಿಗೆ ಬಿದ್ದದ್ದು 550 ಕಿ.ಮೀ.ಗೆ, ನಾವು ಅದನ್ನು ಒಪ್ಪಿಕೊಂಡದ್ದು 1,200 ಕಿ.ಮೀ.ಗೆ. ನಡುವಿನ ಓಟವೆಲ್ಲ ಕಬ್ಬಿಣದ ಪುಡಿಯಾಗಿ ಆಯಿಲ್‌ಗೆ ಸೇರಿತು.

ಏನೇನು ಮಾಡಿದರು

ಮೂರನೇ ಸಲ ಸದ್ದು ಬಂದಾಗ ಮೇಸ್ತ್ರಿ ನನಗೆ ಫೋನ್ ಮಾಡಿದರು. “ಸಾರ್, ಐದು ನಿಲ್ತಾನೇ ಇಲ್ಲ. ಲಾಕ್ ನಟ್ಟು ಗಟ್ಟಿಯಾಗೇ ಇದೆ.” ನಾನು ಕಾರು ನೋಡದೆಯೇ ರಾಕರ್ ಆರ್ಮ್ ಅಂದೆ. ವಾಲ್ವಿನ ತುದಿ ಬಡಿಯುವ ಜಾಗದಲ್ಲಿ ರಾಕರಿಗೆ ಗುಳಿ ಬಿದ್ದರೆ ಫೀಲರ್ ಗೇಜ್ ಆ ಗುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜ್ ಹದಿನೈದು ಅನ್ನುತ್ತದೆ, ನಿಜವಾದ ಸಂದು ಇಪ್ಪತ್ತೋ ಇಪ್ಪತ್ತೈದೋ ಇರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಇದು ದಿನನಿತ್ಯದ ಸಂಗತಿ. ಬಿಚ್ಚಿ ನೋಡಿದಾಗ ಐದರ ರಾಕರಿನಲ್ಲಿ ಗುಳಿ ಇತ್ತು ಕೂಡ. ಬೇರೆ ಮೂರರಲ್ಲೂ ಇತ್ತು.

ಆದರೆ ನನ್ನ ಮಾತಿನಲ್ಲಿ ದೊಡ್ಡ ತೂತಿತ್ತು. ರಾಕರಿನ ಗುಳಿ ಸದ್ದನ್ನು ವಿವರಿಸುತ್ತದೆ. ಗ್ಯಾಪ್ ಒಂದೇ ಸಮನೆ, 250 ಕಿ.ಮೀ.ಗೊಮ್ಮೆ ಹೆಚ್ಚುತ್ತಾ ಹೋಗುವುದನ್ನು ವಿವರಿಸುವುದಿಲ್ಲ. ವರ್ಷಗಟ್ಟಲೆ ಓಡಿ ಸವೆದ ರಾಕರ್ ಒಂದೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕರಗುವುದಿಲ್ಲ. ನಾನು ಆ ಪ್ರಶ್ನೆ ಕೇಳಲಿಲ್ಲ. ರಾಕರ್, ರಾಕರ್ ಶಾಫ್ಟ್ ಬದಲಾದವು. ಈ ಎಂಜಿನ್ನಿನಲ್ಲಿ ಅದು ಸಣ್ಣ ಕೆಲಸವೂ ಅಲ್ಲ. ರಾಕರ್ ಶಾಫ್ಟ್ ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ, ಹಾಗಾಗಿ ನೀರು ಇಳಿಸಿ, ಹೆಡ್ ನಟ್ಟುಗಳನ್ನೆಲ್ಲ ಸರದಿಯಂತೆ ಸಡಿಲಿಸಿ, ಮತ್ತೆ ಬಿಗಿ ಮಾಡಬೇಕು. ಒಂದು ದಿನ ಹೋಯಿತು. ಸದ್ದು ನಾಲ್ಕು ದಿನ ನಿಂತಿತು.

ನಂತರ ಗಟ್ಟಿ ಆಯಿಲ್ ಹಾಕಿ ನೋಡಿದರು. ಸದ್ದು ತಗ್ಗಿತು. ಸದ್ದು ತಗ್ಗಿದ್ದನ್ನು ರೋಗ ತಗ್ಗಿತು ಎಂದುಕೊಂಡದ್ದರಿಂದ ಇನ್ನೊಂದು 200 ಕಿ.ಮೀ. ಓಡಿತು.

ಅಷ್ಟರಲ್ಲಿ ಎರಡು ಹೊಸ ಲಕ್ಷಣ ಕಾಣಿಸಿಕೊಂಡವು. ಪಿಕಪ್ ಇಳಿಯಿತು, ಘಾಟಿ ಏರುವಾಗ ಕಾರ್ಬುರೇಟರಿನಿಂದ ಪಟ್ ಪಟ್ ಎಂದು ಹಿಂದಕ್ಕೆ ಹೊಡೆಯತೊಡಗಿತು. ಮೇಸ್ತ್ರಿಯ ಅನುಮಾನ ಇನ್ನೂ ಹೆಡ್ ಮೇಲೆ. ಹೊಸ ಸೀಟು ಸರಿಯಾಗಿ ಕೂತಿಲ್ಲ, ವಾಲ್ವ್ ಸೋರುತ್ತಿದೆ ಎಂದು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಎಂದು, ನೋಡಿದರು. ನಾಲ್ಕೂ ಸಿಲಿಂಡರ್ ಚೆನ್ನಾಗಿದ್ದವು, ಮೂರನೆಯದು ಉಳಿದವಕ್ಕಿಂತ ಒಂದು ಕೂದಲು ಮೇಲೆಯೇ ಇತ್ತು. ಆದರೂ ಎಂಜಿನ್ ಓಡುವಾಗ ಒಂದೊಂದೇ ಪ್ಲಗ್ ವಯರ್ ತೆಗೆದರೆ, ಮೂರನೆಯದನ್ನು ತೆಗೆದಾಗ ಎಂಜಿನ್ ಹೆಚ್ಚು ಕುಗ್ಗಲಿಲ್ಲ. ಕಂಪ್ರೆಶನ್ ಇದೆ, ಕಿಡಿ ಇದೆ, ಸಿಲಿಂಡರ್ ಮಾತ್ರ ದುಡಿಯುತ್ತಿಲ್ಲ. ಮೇಸ್ತ್ರಿ ಮತ್ತೆ ಫೋನ್ ಮಾಡಿದರು. ಈ ಸಲ ನಾನು ಹೊರಟೆ.

ತಿರುವು

ದಾರಿಯಲ್ಲಿ ಯೋಚಿಸುತ್ತಾ ಹೋದದ್ದು ಎರಡು ವಿಷಯ. ಮೊದಲನೆಯದು, ಗ್ಯಾಪ್ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು. ವಾಲ್ವ್ ಸೀಟು ಒಳಕ್ಕೆ ಕುಸಿದರೆ, ವಾಲ್ವ್ ಉದ್ದವಾದರೆ ಗ್ಯಾಪ್ ಕಡಿಮೆಯಾಗುತ್ತದೆ. ಇಲ್ಲಿ ಹೆಚ್ಚುತ್ತಿದೆ. ರಾಕರ್ ಬದಲಾದ ಮೇಲೂ ಹೆಚ್ಚುತ್ತಿದೆ ಅಂದರೆ ಸವೆತ ಪುಶ್ ರಾಡಿನಿಂದ ಕೆಳಗೆ, ಕ್ಯಾಮ್ ಕಡೆ ಇದೆ. ಎರಡನೆಯದು ಆ ಹಿಂದಕ್ಕೆ ಹೊಡೆಯುವ ಸದ್ದು. ಎಗ್ಸಾಸ್ಟ್ ವಾಲ್ವ್ ಪೂರ್ತಿ ತೆರೆಯದಿದ್ದರೆ ಉರಿದ ಗ್ಯಾಸ್ ಪೂರ್ತಿ ಹೊರಗೆ ಹೋಗುವುದಿಲ್ಲ. ಆಮೇಲೆ ಇನ್ಲೆಟ್ ತೆರೆದ ಕೂಡಲೇ ಒಳಗೆ ಉಳಿದ ಬಿಸಿ ಗ್ಯಾಸ್ ಸಿಕ್ಕ ದಾರಿಯಲ್ಲಿ, ಅಂದರೆ ಕಾರ್ಬುರೇಟರ್ ಕಡೆಗೆ, ನುಗ್ಗುತ್ತದೆ. ವಾಲ್ವ್ ಸೋರದೆ ಇರುವುದರಿಂದ ಕಂಪ್ರೆಶನ್ ಗೇಜಿಗೆ ಇದು ಗೊತ್ತಾಗುವುದೇ ಇಲ್ಲ. ಹೊರಗೆ ಹೋಗಬೇಕಾದ ಗಾಳಿ ಒಳಗೇ ಉಳಿದು ಗೇಜ್ ಒಂದಿಷ್ಟು ಹೆಚ್ಚೇ ತೋರಿಸಬಹುದು.

ಗ್ಯಾರೇಜಿನಲ್ಲಿ ರಾಕರ್ ಕವರ್ ತೆಗೆದು ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟೆವು. ಪುಶ್ ರಾಡುಗಳನ್ನು ನೋಡಿ ಎಂದೆ. ಚೆನ್ನಾಗಿರುವ ಎಂಜಿನ್ನಿನಲ್ಲಿ ಅವು ಮೇಲೆ ಕೆಳಗೆ ಆಡುತ್ತಲೇ ಮೆಲ್ಲಗೆ ತಮ್ಮ ಸುತ್ತ ತಿರುಗುತ್ತಿರುತ್ತವೆ. ಏಳು ತಿರುಗುತ್ತಿದ್ದವು, ಅವುಗಳಲ್ಲಿ ಎರಡು ತುಂಬಾ ನಿಧಾನ. ಐದನೆಯದು ತಿರುಗುತ್ತಲೇ ಇರಲಿಲ್ಲ. ಹುಡುಗ ಪ್ರತಿ ರಾಡಿನ ಮೇಲೂ ಚಾಕ್‌ಪೀಸಿನ ಗುರುತು ಹಾಕಿ ನೋಡಿದ, ಐದರ ಗುರುತು ಹಾಕಿದ ಕಡೆಯೇ ನಿಂತಿತ್ತು.

ಆಮೇಲೆ ಎಂಜಿನ್ ನಿಲ್ಲಿಸಿ ಡಯಲ್ ಗೇಜ್ ಕಟ್ಟಿದೆವು. ಮುಳ್ಳನ್ನು ವಾಲ್ವ್ ಸ್ಪ್ರಿಂಗಿನ ತಟ್ಟೆಯ ಮೇಲಿಟ್ಟು ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ, ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಎಂದು ಎಂಟಕ್ಕೂ ಬರೆದುಕೊಂಡೆವು. ಉಳಿದ ಎಗ್ಸಾಸ್ಟ್‌ಗಳು 7.6 ಮಿ.ಮೀ. ಆಸುಪಾಸು. ಐದನೆಯದು 5.4. ಗ್ಯಾಪ್ ಮಾತ್ರ ಅದೇ ಬೆಳಿಗ್ಗೆ ಸರಿಯಾಗಿ ಹದಿನೈದಕ್ಕೆ ಇಟ್ಟದ್ದು.

ಮೇಸ್ತ್ರಿ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ, “ನೀನು ಅವತ್ತೇ ಹೇಳಿದ್ದೆ ಕಣೋ” ಅಂದರು. ಇಷ್ಟು ವರ್ಷದ ಕೆಲಸಗಾರ ಎಲ್ಲರೆದುರು ಹೀಗೆ ಹೇಳುವುದು ಸುಲಭವಲ್ಲ. ಆ ಮಾತಿಗಾಗಿ ಅವರ ಮೇಲೆ ನನಗಿದ್ದ ಗೌರವ ಹೆಚ್ಚಿತು.

ಗ್ಯಾಪ್ ಸರಿಯಿದ್ದೂ ವಾಲ್ವ್ ಕಡಿಮೆ ತೆರೆಯುವುದು ಹೇಗೆ ಎಂದು ಹುಡುಗ ಕೇಳಿದ. ನಾವು ಗ್ಯಾಪ್ ಅಳೆಯುವುದು ಲೋಬ್ ಮಲಗಿದ್ದಾಗ, ಅದರ ದುಂಡನೆಯ ಬೆನ್ನಿನ ಮೇಲೆ. ಸವೆದದ್ದು ಲೋಬಿನ ಮೂಗು. ಮೂಗು ಪೂರ್ತಿ ಹೋದರೂ ಬೆನ್ನು ಹಾಗೇ ಇದ್ದರೆ ಫೀಲರ್ ಗೇಜಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಗ್ಯಾಪ್ ಹೆಚ್ಚುತ್ತಿದ್ದದ್ದು ಟ್ಯಾಪೆಟ್ಟಿನ ತಳವೂ ಸವೆಯುತ್ತಿದ್ದುದರಿಂದ. ನಾವು ಪ್ರತಿ ಸಲ ಸ್ಕ್ರೂ ತಿರುಗಿಸಿ ಆ ಸವೆತವನ್ನು ಮುಚ್ಚಿಹಾಕುತ್ತಾ ಬಂದಿದ್ದೆವು.

ಎಂಜಿನ್ ಇಳಿಸುವ ಮುನ್ನ ಕಣ್ಣಾರೆ ನೋಡಬೇಕು ಎಂದು ಯಜಮಾನರು ಕೇಳಿದರು. ನ್ಯಾಯವಾದ ಮಾತು. ಈ ಎಂಜಿನ್ನಿನ ಒಂದು ಒಳ್ಳೆಯ ಗುಣವೆಂದರೆ ಬ್ಲಾಕಿನ ಪಕ್ಕದಲ್ಲಿ, ಮ್ಯಾನಿಫೋಲ್ಡ್ ಕೆಳಗೆ, ಟ್ಯಾಪೆಟ್ ಕವರ್‌ಗಳಿವೆ. ಮ್ಯಾನಿಫೋಲ್ಡ್ ಬಿಚ್ಚಿ, ಐದರ ಸ್ಕ್ರೂ ಪೂರ್ತಿ ಸಡಿಲಿಸಿ, ಶಾಫ್ಟಿನ ಮೇಲಿನ ಸ್ಪ್ರಿಂಗ್ ಒತ್ತಿ ರಾಕರನ್ನು ಪಕ್ಕಕ್ಕೆ ಸರಿಸಿ, ಪುಶ್ ರಾಡ್ ಎಳೆದುಕೊಂಡು, ಪಕ್ಕದ ಕಿಂಡಿಯಿಂದ ಟ್ಯಾಪೆಟ್ ತೆಗೆದೆವು. ಅದರ ತಳ ಸಣ್ಣ ಬಟ್ಟಲಿನಂತೆ ಗುಳಿಬಿದ್ದಿತ್ತು. ಸುತ್ತಲೂ ತಿರುಗಿದ ಗುರುತಿರಲಿಲ್ಲ, ಅಡ್ಡಕ್ಕೆ ಒಂದೇ ಪಟ್ಟೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಲೋಬಿನ ಮೂಗು ಮೊಂಡಾಗಿ ಕಾಣುತ್ತಿತ್ತು.

ಯಾಕೆ ಹೀಗಾಯಿತು

ಕ್ಯಾಮ್ ಮತ್ತು ಟ್ಯಾಪೆಟ್ ನಡುವಿನ ಸಂಬಂಧ ಬಹಳ ಸೂಕ್ಷ್ಮವಾದದ್ದು. ಎಂಜಿನ್ನಿನಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಉಜ್ಜುವ ಜಾಗಗಳಲ್ಲಿ ಇದೂ ಒಂದು. ಸ್ಪ್ರಿಂಗಿನ ಪೂರ್ತಿ ಬಲ ಒಂದು ಸಣ್ಣ ಗೆರೆಯ ಮೇಲೆ ಕೂರುತ್ತದೆ. ಹೀಗಿದ್ದೂ ಅದು ಲಕ್ಷ ಕಿ.ಮೀ. ಬಾಳುವುದು ಟ್ಯಾಪೆಟ್ ತಿರುಗುವುದರಿಂದ. ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಅದು ಬಹಳ ದೊಡ್ಡ ಚೆಂಡಿನ ಮೈಯಿಂದ ಕತ್ತರಿಸಿದ ತುಣುಕಿನಂತೆ ಅತಿ ಸ್ವಲ್ಪ ಉಬ್ಬಿರುತ್ತದೆ. ಲೋಬ್ ಅದರ ನಟ್ಟನಡುವೆ ಕೂರದೆ ತುಸು ಪಕ್ಕದಲ್ಲಿ ಉಜ್ಜುತ್ತದೆ. ಹಾಗಾಗಿ ಪ್ರತಿ ಸಲ ಎತ್ತುವಾಗಲೂ ಟ್ಯಾಪೆಟ್ ಒಂದಿಷ್ಟು ತಿರುಗಿ ಹೊಸ ಜಾಗ ಒಡ್ಡುತ್ತದೆ. ಸಾಣೆಕಲ್ಲಿನ ಒಂದೇ ಕಡೆ ಕತ್ತಿ ಮಸೆದರೆ ಅಲ್ಲಿ ಗುಳಿ ಬೀಳುತ್ತದಲ್ಲ, ತಿರುಗದ ಟ್ಯಾಪೆಟ್ಟಿಗೂ ಅದೇ ಗತಿ.

ಹಳೆಯ ಟ್ಯಾಪೆಟ್ ತನ್ನ ಹಳೆಯ ಲೋಬಿಗೆ ಹೊಂದಿಕೊಂಡು ಸವೆದಿರುತ್ತದೆ, ಉಬ್ಬು ಹೋಗಿರುತ್ತದೆ. ಅದರ ಹೊಳಪು ಅದು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹಳೆಯ ಕ್ಯಾಮನ್ನೇ ಉಳಿಸಿಕೊಂಡು, ಒಂದೊಂದು ಟ್ಯಾಪೆಟ್ಟನ್ನೂ ಅದದರ ಜಾಗಕ್ಕೇ ಹಾಕಿದ್ದರೆ ನಡೆಯುತ್ತಿತ್ತು. ಹೊಸ ಕ್ಯಾಮ್ ಮೇಲೆ ಹಳೆಯ ಟ್ಯಾಪೆಟ್ ಯಾವ ಸರದಿಯಲ್ಲಿ ಹಾಕಿದರೂ ಕೂಡದು. ಒಂದೇ ಟ್ರೇಯಲ್ಲಿ ತೊಳೆದದ್ದರಿಂದ ಹಳೆಯ ಕ್ಯಾಮಿಗೆ ಹಿಂತಿರುಗುವ ದಾರಿಯೂ ಮುಚ್ಚಿತ್ತು.

ಐಡ್ಲಿಂಗಿನ ವಿಷಯ. ನಿಧಾನವಾಗಿ ಓಡಿದರೆ ಭಾರ ಕಡಿಮೆ ಎಂದು ತೋರುತ್ತದೆ. ಲೋಬಿನ ಮೂಗಿನ ಮಟ್ಟಿಗೆ ಅದು ತದ್ವಿರುದ್ಧ. ವೇಗದಲ್ಲಿ ಓಡುವಾಗ ಮೇಲೆ ಚಿಮ್ಮಿದ ಟ್ಯಾಪೆಟ್, ಪುಶ್ ರಾಡ್, ವಾಲ್ವ್‌ಗಳ ತೂಕ ತನ್ನ ಓಟದಲ್ಲೇ ಮುಂದಕ್ಕೆ ಹೋಗಲು ನೋಡುತ್ತದೆ, ಸ್ಪ್ರಿಂಗಿನ ಬಲದ ಒಂದು ಭಾಗ ಅದನ್ನು ತಡೆಯಲು ಖರ್ಚಾಗುತ್ತದೆ, ಮೂಗಿನ ಮೇಲಿನ ಒತ್ತಡ ಇಳಿಯುತ್ತದೆ. ಐಡ್ಲಿಂಗಿನಲ್ಲಿ ಸ್ಪ್ರಿಂಗಿನ ಬಲ ಬಹುಪಾಲು ಮೂಗಿನ ಮೇಲೇ. ಜೊತೆಗೆ ಕ್ರ್ಯಾಂಕ್ ಚಿಮುಕಿಸುವ ಆಯಿಲ್ ಕೂಡ ಕಡಿಮೆ. ಹೊಸ ಲೋಬಿಗೆ ಆ ಮುಕ್ಕಾಲು ಗಂಟೆ ಬಲು ಕಷ್ಟದ ಗಳಿಗೆ.

ಇನ್ನು ಆಯಿಲ್. ಲೋಹಕ್ಕೆ ಲೋಹ ತಾಗುವ ಹೊತ್ತಿನಲ್ಲಿ ಕಾಪಾಡುವುದು ಆಯಿಲಿನಲ್ಲಿ ಬೆರೆಸಿರುವ ಝಡ್‌ಡಿಡಿಪಿ ಎಂಬ ಸತು ಮತ್ತು ರಂಜಕದ ಸಂಯುಕ್ತ. ಅದು ಮೇಲ್ಮೈ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಆದರೆ ರಂಜಕ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಹಾಗಾಗಿ 2004ರ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯು-30ರಂಥ ತೆಳು ಆಯಿಲುಗಳಲ್ಲಿ ರಂಜಕ ಶೇ. 0.08 ಮೀರಬಾರದು ಎಂಬ ಮಿತಿ ಬಂತು, 2020ರ ಎಸ್‌ಪಿಯಲ್ಲೂ ಅದು ಉಳಿದಿದೆ. ಇಂದಿನ ಕಾರುಗಳಿಗೆ ಆ ಆಯಿಲ್ ಚೆನ್ನಾಗಿಯೇ ಹೊಂದುತ್ತದೆ, ಅನೇಕ ಎಂಜಿನ್ನುಗಳಲ್ಲಿ ಕ್ಯಾಮ್ ಉಜ್ಜುವುದೇ ಇಲ್ಲ, ರೋಲರ್ ಮೇಲೆ ಉರುಳುತ್ತದೆ. 20ಡಬ್ಲ್ಯು-50ರಂಥ ದಪ್ಪ ಆಯಿಲುಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಮಗನ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಆಯಿಲಿನಲ್ಲೂ ಇರಲಿಲ್ಲ. ಅದು ಬೇರೆ ಎಂಜಿನ್ನಿಗೆಂದು ಮಾಡಿದ್ದು.

ಈ ಮೂರರಲ್ಲಿ ಯಾವುದು ಎಷ್ಟು? ಆಯಿಲ್ ಮತ್ತು ಐಡ್ಲಿಂಗ್ ಎಂಟು ಲೋಬಿಗೂ ಒಂದೇ. ಹಾಳಾದದ್ದು ಒಂದು, ಹಾಳಾಗಲು ಶುರುವಾದದ್ದು ಎರಡು. ಆದ್ದರಿಂದ ಉಬ್ಬು ಕಳೆದುಕೊಂಡ ಟ್ಯಾಪೆಟ್ಟೇ ಮುಖ್ಯ ಕಾರಣ, ಉಳಿದೆರಡು ಅದಕ್ಕೆ ಕೈಜೋಡಿಸಿದವು ಅನ್ನುವುದು ನನ್ನ ತೀರ್ಮಾನ. ಟ್ಯಾಪೆಟ್ ಕೂರುವ ಐದನೇ ಗೂಡೇ ಬಿಗಿಯಾಗಿತ್ತೇ ಎಂದು ಆಮೇಲೆ ಹೊಸ ಟ್ಯಾಪೆಟ್ ಇಳಿಸಿ ನೋಡಿದೆವು. ತನ್ನ ತೂಕಕ್ಕೇ ಇಳಿಯಿತು, ಬೆರಳಲ್ಲಿ ಸಲೀಸಾಗಿ ತಿರುಗಿತು. ಗೂಡಿನ ತಪ್ಪಿರಲಿಲ್ಲ.

ಎರಡನೇ ಸಲ ಇಳಿಸಿದಾಗ

ಖರ್ಚಿನ ಮಾತು ಬಂದಾಗ ಮೇಸ್ತ್ರಿ ತಾವೇ ಕೂಲಿ ಬೇಡವೆಂದರು. ಸಾಮಾನಿನ ಖರ್ಚು ಯಜಮಾನರು ವಹಿಸಿಕೊಂಡರು. “ಈ ಸಲ ಯಾವ ಮದುವೇನೂ ಇಲ್ಲ, ನಿಧಾನವಾಗಿ ಮಾಡಿ” ಅಂದರು.

ಮೊದಲ ಪ್ರಶ್ನೆ, ಕ್ಯಾಮ್ ಮತ್ತು ಟ್ಯಾಪೆಟ್ ಬದಲಿಸಿ ಮುಚ್ಚಿಬಿಡಬಹುದೇ? ಎಂಜಿನ್ ತಳದ ಆಯಿಲ್ ತೊಟ್ಟಿ, ಸಂಪ್, ತೆಗೆದಾಗ ಉತ್ತರ ಸಿಕ್ಕಿತು. ತಳದಲ್ಲಿ ಬೂದು ಬಣ್ಣದ ಕೆಸರು, ಆಯಸ್ಕಾಂತ ಹಿಡಿದರೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುತ್ತಿತ್ತು. ಕ್ರ್ಯಾಂಕನ್ನು ಅಪ್ಪಿ ಕೂರುವ ಬಿಗ್ ಎಂಡ್ ಬೇರಿಂಗುಗಳ ಮೆದು ಮೈಯಲ್ಲಿ ಹೊಳೆಯುವ ಚುಕ್ಕೆಗಳು ಹೂತಿದ್ದವು. 1,200 ಕಿ.ಮೀ. ಓಡಿದ ಬೇರಿಂಗನ್ನು ಬಿಸಾಡಲು ಮೇಸ್ತ್ರಿಗೆ ಮನಸ್ಸಿರಲಿಲ್ಲ. ಬಿಸಾಡಬೇಕು ಎಂದು ನಾನು ಹಟ ಹಿಡಿದೆ. ಹೂತ ಕಬ್ಬಿಣ ಕ್ರ್ಯಾಂಕನ್ನು ಕೊರೆಯುತ್ತಲೇ ಇರುತ್ತದೆ. ಬೇರಿಂಗ್ ಬದಲಾಯಿತು, ಆಯಿಲ್ ದಾರಿಗಳ ಪ್ಲಗ್ ಬಿಚ್ಚಿ ಬ್ರಷ್ ಹಾಕಿ ತೊಳೆಯಲಾಯಿತು, ಆಯಿಲ್ ಪಂಪ್ ಬಿಚ್ಚಿ ನೋಡಲಾಯಿತು.

ಹಾಳಾದ ಕ್ಯಾಮ್ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದಾಗ ಐದನೇ ಲೋಬ್ ಜೊತೆಯವುಗಳಿಗಿಂತ 1.6 ಮಿ.ಮೀ. ಕುಳ್ಳಗಿತ್ತು. ರಾಕರಿನ 1.4 ಪಟ್ಟು ಸೇರಿಸಿದರೆ ವಾಲ್ವಿನಲ್ಲಿ ಕಂಡ 2.2 ಮಿ.ಮೀ. ಕೊರತೆಗೆ ಲೆಕ್ಕ ಹೊಂದುತ್ತದೆ. ಅದನ್ನೇ ಗ್ರೈಂಡ್ ಮಾಡಿಸಿ ಹಾಕೋಣವೇ ಎಂಬ ಮಾತೂ ಬಂತು. ಗಟ್ಟಿಯಾದ ಮೇಲ್ಪದರ ಹೋಗಿದ್ದಾಗ ಅದರಲ್ಲಿ ಅರ್ಥವಿರಲಿಲ್ಲ. ಬೇಡವೆಂದೆವು.

ಹೊಸ ಟ್ಯಾಪೆಟ್ ಬಂದಾಗ ಡಬ್ಬದಿಂದ ತೆಗೆದು ನೇರ ಹಾಕಲಿಲ್ಲ. ಒಂದರ ತಳದ ಮೇಲೆ ಇನ್ನೊಂದರ ಪಕ್ಕೆಯನ್ನು ಅಡ್ಡಲಾಗಿಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಉಬ್ಬು ಇದ್ದರೆ ನಡುವೆ ತಾಗಿ ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಬರುತ್ತದೆ. ಎಂಟರಲ್ಲಿ ಎರಡರಲ್ಲಿ ಬೆಳಕು ಬರಲಿಲ್ಲ. ಹೊಸ ಮಾಲೇ, ಆದರೂ ಚಪ್ಪಟೆ. ಹಿಂದಿರುಗಿಸಿ ಬೇರೆ ಬರುವವರೆಗೆ ಹನ್ನೊಂದು ದಿನ ಕಾದೆವು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಹನ್ನೊಂದು ದಿನ ಅವು.

ಎರಡನೇ ಗೂಡಿನಲ್ಲಿ ಹಳೆಯ ಆಯಿಲಿನ ಕಂದು ಪೊರೆ ಅಂಟಿತ್ತು, ಅದನ್ನು ತೆಗೆದ ಮೇಲೆ ಆ ಟ್ಯಾಪೆಟ್ಟೂ ಸಲೀಸಾಯಿತು. ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿದೆವು. ಆಯಿಲ್ 20ಡಬ್ಲ್ಯು-50 ಮಿನರಲ್.

ಮೊದಲ ಸ್ಟಾರ್ಟಿಗೆ ಎಲ್ಲ ಮೊದಲೇ ಸಿದ್ಧ ಮಾಡಿಟ್ಟುಕೊಂಡೆವು. ಆಯಿಲ್ ಪಂಪಿಗೂ ಫಿಲ್ಟರಿಗೂ ಆಯಿಲ್ ತುಂಬಿ, ಕಾರ್ಬುರೇಟರಿಗೆ ಪೆಟ್ರೋಲ್ ತುಂಬಿ, ಟೈಮಿಂಗ್ ಕೂರಿಸಿ, ಸುಮ್ಮನೆ ಸೆಲ್ಫ್ ಹೊಡೆಯುತ್ತಾ ಪೇಸ್ಟ್ ಒರೆಸಿಹೋಗದ ಹಾಗೆ ನೋಡಿಕೊಂಡೆವು. ರೇಡಿಯೇಟರ್ ಮುಂದೆ ದೊಡ್ಡ ಫ್ಯಾನ್. ಹತ್ತಿದ ಕೂಡಲೇ 2,000 ಆರ್‌ಪಿಎಂ, ಆಮೇಲೆ 1,800ರಿಂದ 2,500ರ ನಡುವೆ ಏರಿಳಿಸುತ್ತಾ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಒಂದೊಂದು ಲೋಬೂ ತನ್ನ ಟ್ಯಾಪೆಟ್ಟನ್ನು ಸುಮಾರು 20,000 ಸಲ ಎತ್ತಿರುತ್ತದೆ. ಒಂದು ಸಲವೂ ಐಡ್ಲಿಂಗಿಗೆ ಬಿಡಲಿಲ್ಲ. ಹೊಸ ಎಂಜಿನ್ನನ್ನು ಹೀಗೆ ರೇಸ್ ಮಾಡುವುದನ್ನು ಕೇಳುತ್ತಾ ಮೇಸ್ತ್ರಿ ಕೈಕಟ್ಟಿ ನಿಂತಿದ್ದರು, ಅವರಿಗೆ ಎಷ್ಟು ಹಿಂಸೆಯಾಗುತ್ತಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಎಂಜಿನ್ ತಣಿಸಿ ಆಯಿಲ್, ಫಿಲ್ಟರ್ ಎರಡೂ ಬದಲಿಸಿದೆವು.

ಆಮೇಲೆ

500 ಕಿ.ಮೀ.ಗೆ ರಾಕರ್ ಕವರ್ ತೆಗೆದು ನೋಡಿದಾಗ ಎಂಟೂ ಪುಶ್ ರಾಡ್ ತಿರುಗುತ್ತಿದ್ದವು. ಐದರ ಗ್ಯಾಪ್ ಇಟ್ಟ ಕಡೆಯೇ ಇತ್ತು, ವಾಲ್ವ್ 7.6 ಮಿ.ಮೀ. ಇಳಿಯುತ್ತಿತ್ತು. 1,500ಕ್ಕೂ ಅದೇ. ಡ್ರೈನ್ ಪ್ಲಗ್ಗಿಗೆ ಕೂರಿಸಿದ ಆಯಸ್ಕಾಂತದಲ್ಲಿ ಮೊದಲ ಸಲ ತೆಳುವಾದ ಬೂದು ಮಸಿ ಇತ್ತು, ಎರಡನೇ ಸಲ ಅದೂ ಇರಲಿಲ್ಲ. ಘಾಟಿಯಲ್ಲಿ ಕಾರ್ಬುರೇಟರ್ ಸದ್ದು ಮಾಡುತ್ತಿಲ್ಲ.

ಗ್ಯಾರೇಜಿನಲ್ಲಿ ಈಗ ಎಂಟು ತೂತಿನ ಮರದ ಹಲಗೆಯೊಂದು ಗೋಡೆಗೆ ನೇತುಬಿದ್ದಿದೆ, ತೂತಿಗೊಂದು ನಂಬರು. ಬಿಚ್ಚಿದ ಟ್ಯಾಪೆಟ್, ಪುಶ್ ರಾಡ್ ಅದರಲ್ಲೇ ಕೂರಬೇಕು. ಟ್ಯಾಪೆಟ್ ಸೆಟ್ ಮಾಡುವ ರಿಜಿಸ್ಟರಿನಲ್ಲಿ ಗ್ಯಾಪಿನ ಪಕ್ಕ ಇನ್ನೊಂದು ಕಾಲಂ ಎಳೆದಿದ್ದಾರೆ, ವಾಲ್ವ್ ಎಷ್ಟು ಇಳಿಯಿತು ಎಂದು. ಒಂದೇ ವಾಲ್ವ್ ಎರಡನೇ ಸಲ ಸಡಿಲವಾಗಿ ಬಂದರೆ ಸ್ಕ್ರೂ ಮುಟ್ಟುವ ಮೊದಲು ಆ ಕಾಲಂ ತುಂಬಬೇಕು.

ಎರಡನೇ ಪುಶ್ ರಾಡ್ ಮಾತ್ರ ಉಳಿದವಕ್ಕಿಂತ ನಿಧಾನವಾಗಿ ತಿರುಗುತ್ತದೆ. ಅಳತೆಯಲ್ಲಿ ಏನೂ ವ್ಯತ್ಯಾಸವಿಲ್ಲ, ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. 3,000 ಕಿ.ಮೀ.ಗೆ ಮತ್ತೆ ಡಯಲ್ ಗೇಜ್ ಇಡುವುದೆಂದು ಒಪ್ಪಿಕೊಂಡಿದ್ದೇವೆ. ಅಂದು ಗೇಜ್ ಓದುವವನು ಹುಡುಗ, ಬರೆದುಕೊಳ್ಳುವವರು ಮೇಸ್ತ್ರಿ.